ಚ್ಯೂಯಿಂಗ್ ಗಮ್ ಮತ್ತು ನಮ್ಮ ಮಕ್ಕಳ ಹಲ್ಲು

(ಸಂಘದ ವಾರ್ಷಿಕೋತ್ಸವದ ಅಂಗವಾಗಿ ನಡೆದ ಪಾಲಕರ ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಉರ್ದು ಮತ್ತು ಕನ್ನಡ ಕಲಿಸುವವರಿಗೆ ಹಲ್ಲಿನ ಉಸಾಬರಿ ಏಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಭಾಷೆ ಕಲಿಸುವವರು ದಿನಕ್ಕೆ ಐದಾರು ಗಂಟೆ ಮಕ್ಕಳ ಬಾಯನ್ನೇ ನೋಡುತ್ತಿರುತ್ತಾರೆ. ಕನ್ನಡ ವರ್ಣಮಾಲೆಯಲ್ಲಿ ತ, ಥ, ದ, ಧ, ನ ಎಂಬ ಐದು ಅಕ್ಷರಗಳಿಗೆ ದಂತ್ಯಗಳೆಂದೇ ಹೆಸರು. ಮುಂದಿನ ಹಲ್ಲು ಹುಳುಕಾಗಿ ಮುರಿದ ಮಗು ಉರ್ದುವಿನ 'ಫೇ' ಅಕ್ಷರವನ್ನು ಹೇಳುವಾಗ ಗಾಳಿ ಎಲ್ಲೆಲ್ಲಿಂದಲೋ ಹೊರಡುತ್ತದೆ. ಇನ್ನು ಕೆನ್ನೆಯೊಳಗೆ ಚ್ಯೂಯಿಂಗ್ ಗಮ್ ಅಡಗಿಸಿಟ್ಟುಕೊಂಡು ಪದ್ಯ ಓದುವ ಮಗುವನ್ನು ನಾವು ಮೂರನೆಯ ಬೆಂಚಿನಿಂದಲೇ ಗುರುತಿಸುತ್ತೇವೆ. ಮಕ್ಕಳೇ, ನೀವು ನಗುವುದು ಬೇಡ, ಗೊತ್ತಾಗುತ್ತದೆ!

ಈ ಚ್ಯೂಯಿಂಗ್ ಗಮ್ ಹಲ್ಲಿಗೆ ಒಳ್ಳೆಯದೋ ಕೆಟ್ಟದ್ದೋ? ಟೀವಿ ಜಾಹೀರಾತು ಒಳ್ಳೆಯದೆನ್ನುತ್ತದೆ. ಮನೆಯಲ್ಲಿ ಅಮ್ಮಿ ಕೆಟ್ಟದ್ದೆನ್ನುತ್ತಾರೆ. ಇಬ್ಬರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಎಲ್ಲಿ ಯಾರ ಮಾತು ಸರಿ ಎಂಬುದನ್ನು ಬಿಡಿಸಿ ನೋಡುವುದೇ ನನ್ನ ಇಂದಿನ ಕೆಲಸ.

ಅಂಟು ಅಗಿಯುವ ಅಭ್ಯಾಸ ಹೊಸದೇನಲ್ಲ. ಡೆನ್ಮಾರ್ಕಿನ ಲೋಲಂಡ್ ದ್ವೀಪದಲ್ಲಿ ಸುಮಾರು 5,700 ವರ್ಷಗಳ ಹಿಂದೆ ಯಾರೋ ಅಗಿದು ಬಿಸಾಡಿದ ಬರ್ಚ್ ಮರದ ಅಂಟಿನ ತುಂಡು ಸಿಕ್ಕಿದೆ. ಅದರಲ್ಲಿ ಉಳಿದಿದ್ದ ಡಿಎನ್‌ಎಯನ್ನು ವಿಜ್ಞಾನಿಗಳು ಓದಿ, ಅಗಿದವಳು ಹೆಣ್ಣು ಎಂದು 2019ರಲ್ಲಿ ಪ್ರಕಟಿಸಿದರು. ನೋಡಿ, ಬಿಸಾಡಿದ ಗಮ್ ಎಷ್ಟು ಕಾಲ ಸಾಕ್ಷಿ ಹೇಳುತ್ತದೆ! ಗ್ರೀಸ್ ದೇಶದ ಕಿಯೋಸ್ ದ್ವೀಪದ ಒಂದು ಮರದಿಂದ ಹನಿಹನಿಯಾಗಿ ಇಳಿಯುವ ಅಂಟನ್ನು ಅಲ್ಲಿನವರು ಪ್ರಾಚೀನ ಕಾಲದಿಂದ ಅಗಿಯುತ್ತಾ ಬಂದಿದ್ದಾರೆ. ನಮ್ಮ ಹಿರಿಯರಿಗೆ ಇದು ಅಪರಿಚಿತವಲ್ಲ. ಯುನಾನಿ ಔಷಧದ ಅಂಗಡಿಗಳಲ್ಲಿ 'ಮಸ್ತಗಿ' ಅಥವಾ 'ಮಸ್ತಗಿ ರೂಮಿ' ಎಂದು ಮಾರುವುದು ಇದನ್ನೇ. ಹೊಟ್ಟೆಯ ತೊಂದರೆಗೆ ಹಕೀಮರು ಕೊಡುವ 'ಜವಾರಿಶ್ ಮಸ್ತಗಿ' ಎಂಬ ಲೇಹ್ಯದಲ್ಲಿ ಇರುವುದೂ ಇದೇ ಅಂಟು.

ಆಧುನಿಕ ಚ್ಯೂಯಿಂಗ್ ಗಮ್ಮಿನ ಮೂಲವಂತೂ ನಮ್ಮ ಹಿತ್ತಿಲಲ್ಲೇ ಇರುವ ಮರ. ಕಾಯಿ ಸಪೋಟ ಕಿತ್ತಾಗ ತೊಟ್ಟಿನಿಂದ ಬಿಳಿ ಹಾಲು ಸುರಿಯುತ್ತದೆಯಲ್ಲ, ಕೈಗೆ ಅಂಟಿದರೆ ಬಿಡುವುದೇ ಇಲ್ಲ. ಮೆಕ್ಸಿಕೋ ಕಡೆಯ ಜನ ಆ ಮರದ ತೊಗಟೆಗೆ ಕಚ್ಚು ಹಾಕಿ ಹಾಲಿಳಿಸಿ, ಕುದಿಸಿ, ಗಟ್ಟಿಮಾಡಿ ಅಗಿಯುತ್ತಿದ್ದರು. ಅದರ ಹೆಸರು 'ಚಿಕ್ಲೆ'. ನಾವು ಸಪೋಟಕ್ಕೆ ಚಿಕ್ಕು ಎಂದೂ ಹೇಳುತ್ತೇವೆ. ನ್ಯೂಯಾರ್ಕಿನ ಥಾಮಸ್ ಆಡಮ್ಸ್ ಎಂಬವರು ಈ ಚಿಕ್ಲೆಯಿಂದ ರಬ್ಬರ್ ಮಾಡಲು ಹೊರಟು, ಅದು ಆಗದೆ, ಕೊನೆಗೆ ಅಗಿಯುವ ಅಂಟು ಮಾಡಿದರು. 1871ರಲ್ಲಿ ಗಮ್ ತಯಾರಿಸುವ ಯಂತ್ರಕ್ಕೆ ಪೇಟೆಂಟನ್ನೂ ಪಡೆದರು. ಅದಕ್ಕೂ ಮುಂಚೆ, 1869ರಲ್ಲಿ, ಅಮೆರಿಕದ ಒಹಾಯೋ ರಾಜ್ಯದ ವಿಲಿಯಂ ಸೆಂಪಲ್ ಎಂಬವರು ಚ್ಯೂಯಿಂಗ್ ಗಮ್ಮಿಗೆ ಪೇಟೆಂಟ್ ಪಡೆದಿದ್ದರು. ಅವರ ವೃತ್ತಿ ಏನು ಗೊತ್ತೇ? ಹಲ್ಲಿನ ವೈದ್ಯರು! ರಬ್ಬರಿಗೆ ಸೀಮೆಸುಣ್ಣ, ಇದ್ದಿಲ ಪುಡಿ ಮುಂತಾದವನ್ನು ಬೆರೆಸಿ, ಅಗಿದರೆ ಹಲ್ಲು ಶುಚಿಯಾಗಬೇಕೆಂಬುದು ಅವರ ಆಲೋಚನೆ. ಆ ಗಮ್ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ನಿಂತದ್ದು ಸಕ್ಕರೆ ಹಾಕಿದ್ದು. 1928ರಲ್ಲಿ ಫಿಲಡೆಲ್ಫಿಯಾದ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ವಾಲ್ಟರ್ ಡೀಮರ್ ಎಂಬವರು ಗುಳ್ಳೆ ಊದುವ ಗಮ್ ಮಾಡಿದರು. ಕೈಗೆ ಸಿಕ್ಕ ಬಣ್ಣ ಗುಲಾಬಿ ಆದ್ದರಿಂದ ಬಬಲ್ ಗಮ್ ಇಂದಿಗೂ ಗುಲಾಬಿ.

ಈಗಿನ ಗಮ್ಮಿನಲ್ಲಿ ಸಪೋಟದ ಹಾಲು ಇರುವುದು ಅಪರೂಪ. ಎರಡನೆಯ ಮಹಾಯುದ್ಧದ ನಂತರ ಕಾರ್ಖಾನೆಯಲ್ಲಿ ತಯಾರಾದ ಪಾಲಿಮರುಗಳು, ಅಂದರೆ ರಬ್ಬರು ಪ್ಲಾಸ್ಟಿಕ್ಕುಗಳ ಜಾತಿಯ ವಸ್ತುಗಳು, ಆ ಜಾಗ ಹಿಡಿದವು. ಪೊಟ್ಟಣದ ಮೇಲೆ 'ಗಮ್ ಬೇಸ್' ಎಂದು ಎರಡೇ ಪದದಲ್ಲಿ ಮುಗಿಸಿಬಿಡುವುದು ಇದನ್ನೇ. 2025ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯ ಸಂಶೋಧಕರು ಒಂದು ಗ್ರಾಂ ಗಮ್ ಅಗಿದಾಗ ಸರಾಸರಿ ನೂರರಷ್ಟು ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಜೊಲ್ಲಿನಲ್ಲಿ ಸೇರುತ್ತವೆ ಎಂದು ವರದಿ ಮಾಡಿದರು. ಇದರಿಂದ ದೇಹಕ್ಕೆ ಇಂಥದೇ ಹಾನಿ ಎಂದು ಅವರು ಹೇಳಿಲ್ಲ. ಆದ್ದರಿಂದ ನಾನೂ ಹೆದರಿಸುವುದಿಲ್ಲ. ಆದರೆ ಬಾಯಲ್ಲಿ ಏನಿದೆ ಎಂಬುದು ಗೊತ್ತಿರಲಿ.

ಈಗ ಹಲ್ಲಿನ ವಿಷಯಕ್ಕೆ ಬರೋಣ. ಹುಳುಕು ಎಂಬ ಪದದಲ್ಲಿ ಹುಳು ಇರುವುದರಿಂದ ಹಲ್ಲಿನೊಳಗೆ ಹುಳು ಇದೆಯೆಂದು ನಂಬಿದವರು ಇಂದಿಗೂ ಇದ್ದಾರೆ. ಸಂತೆಯಲ್ಲಿ ಹೊಗೆ ಹಾಕಿ ಹುಳು ತೆಗೆದು ತೋರಿಸುವವರೂ ಇದ್ದಾರೆ. ಹುಳು ಇಲ್ಲ. ಇರುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು. ಇವುಗಳಲ್ಲಿ ಮುಖ್ಯವಾದುದು ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್. ನಾವು ತಿಂದ ಸಕ್ಕರೆಯನ್ನು ಅವು ತಿಂದು ಆಮ್ಲವನ್ನು ಹೊರಬಿಡುತ್ತವೆ. ಆ ಆಮ್ಲ ಹಲ್ಲಿನ ಮೇಲ್ಪದರವಾದ ಎನಾಮೆಲಿನಿಂದ ಸುಣ್ಣದ ಅಂಶವನ್ನು ಕರಗಿಸುತ್ತದೆ. ನಮ್ಮ ಶಾಲೆಯ ವಿಜ್ಞಾನ ಶಿಕ್ಷಕಿ ಒಂದು ಕೋಳಿಮೊಟ್ಟೆಯನ್ನು ವಿನಿಗರಿನಲ್ಲಿ ಮುಳುಗಿಸಿಟ್ಟು ಮರುದಿನ ಮಕ್ಕಳಿಗೆ ಮುಟ್ಟಿಸಿದ್ದರು. ಚಿಪ್ಪು ಕರಗಿ ಮೊಟ್ಟೆ ರಬ್ಬರಿನಂತೆ ಮೆತ್ತಗಾಗಿತ್ತು. ಹಲ್ಲು ಮೊಟ್ಟೆಯ ಚಿಪ್ಪಿಗಿಂತ ಬಹಳ ಗಟ್ಟಿ, ಒಂದು ರಾತ್ರಿಯಲ್ಲಿ ಕರಗುವುದಿಲ್ಲ. ಆದರೆ ದಿನಕ್ಕೆ ಹತ್ತು ಸಲದಂತೆ ವರ್ಷವಿಡೀ ಆಮ್ಲ ತಾಗಿದರೆ?

1940ರ ದಶಕದಲ್ಲಿ ಅಮೆರಿಕದ ರಾಬರ್ಟ್ ಸ್ಟೀಫನ್ ಎಂಬ ವಿಜ್ಞಾನಿ ಇದನ್ನು ಅಳೆದು ತೋರಿಸಿದರು. ಸಿಹಿ ತಿಂದ ಕೆಲವೇ ನಿಮಿಷಗಳಲ್ಲಿ ಹಲ್ಲಿನ ಮೇಲಿನ ಪಾಚಿಯಲ್ಲಿ ಆಮ್ಲದ ಪ್ರಮಾಣ ಏರುತ್ತದೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಎನಾಮೆಲ್ ಕರಗತೊಡಗುತ್ತದೆ. ಮತ್ತೆ ಮೊದಲಿನ ಸ್ಥಿತಿಗೆ ಬರಲು ಅರ್ಧದಿಂದ ಒಂದು ಗಂಟೆ ಬೇಕು. ಮೊದಲಿನ ಸ್ಥಿತಿಗೆ ತರುವವರು ಯಾರು? ನಮ್ಮ ಜೊಲ್ಲು. ನಾವು ಅಸಹ್ಯಪಡುವ ಈ ಜೊಲ್ಲಿನಲ್ಲಿ ಆಮ್ಲವನ್ನು ಅಡಗಿಸುವ ಬೈಕಾರ್ಬೊನೇಟ್ ಇದೆ. ಕರಗಿಹೋದ ಜಾಗಕ್ಕೆ ಮರಳಿ ತುಂಬಲು ಕ್ಯಾಲ್ಸಿಯಂ, ಫಾಸ್ಫೇಟುಗಳಿವೆ. ಹಲ್ಲಿನಲ್ಲಿ ಹಗಲೆಲ್ಲ ಈ ಕೆಡಹುವ, ಕಟ್ಟುವ ಕೆಲಸ ನಡೆದೇ ಇರುತ್ತದೆ. ಕೆಡಹುವುದು ಹೆಚ್ಚಾದರೆ ಹುಳುಕು.

ಚ್ಯೂಯಿಂಗ್ ಗಮ್ಮಿನ ಗುಣವೂ ದೋಷವೂ ಇಲ್ಲಿ ಅರ್ಥವಾಗುತ್ತದೆ. ಏನನ್ನೇ ಅಗಿದರೂ ಜೊಲ್ಲು ಹರಿಯುತ್ತದೆ. ಸುಮ್ಮನೆ ಕುಳಿತಾಗ ನಿಮಿಷಕ್ಕೆ ಅರ್ಧ ಮಿಲಿಲೀಟರಿಗಿಂತ ಕಡಿಮೆ ಇರುವ ಜೊಲ್ಲು ಗಮ್ ಅಗಿಯತೊಡಗಿದ ಮೊದಲ ನಿಮಿಷಗಳಲ್ಲಿ ಹತ್ತು ಪಟ್ಟಿನವರೆಗೂ ಹೆಚ್ಚಬಲ್ಲದು. ಹಾಗೆ ಹರಿಯುವ ಜೊಲ್ಲಿನಲ್ಲಿ ಬೈಕಾರ್ಬೊನೇಟೂ ಹೆಚ್ಚು. ಆದ್ದರಿಂದ ಊಟವಾದ ಮೇಲೆ ಇಪ್ಪತ್ತು ನಿಮಿಷ ಸಕ್ಕರೆಯಿಲ್ಲದ ಗಮ್ ಅಗಿದರೆ ಹಲ್ಲಿಗೆ ಸಹಾಯವಾಗುತ್ತದೆ ಎಂಬುದು ನಿಜ. ಅಮೆರಿಕದ ದಂತವೈದ್ಯರ ಸಂಘ 2007ರಲ್ಲಿ ಕೆಲವು ಸಕ್ಕರೆರಹಿತ ಗಮ್ಮುಗಳಿಗೆ ತನ್ನ ಮುದ್ರೆಯನ್ನೂ ಕೊಟ್ಟಿತು. ಗಮ್ ಮಾರಾಟವನ್ನು 1992ರಿಂದ ನಿಷೇಧಿಸಿದ್ದ ಸಿಂಗಪುರ ಕೂಡ 2004ರಲ್ಲಿ ಹಲ್ಲಿನ ಆರೋಗ್ಯದ ಗಮ್ಮುಗಳನ್ನು ಔಷಧ ಮಾರುವವರ ಮತ್ತು ದಂತವೈದ್ಯರ ಮೂಲಕ ಮಾರಲು ಬಿಟ್ಟಿತು.

ಆದರೆ 'ಸಕ್ಕರೆಯಿಲ್ಲದ' ಎಂಬ ಆ ಒಂದು ಪದದ ಮೇಲೆ ಎಲ್ಲವೂ ನಿಂತಿದೆ. ನಮ್ಮ ಶಾಲೆಯ ಗೇಟಿನ ಪಕ್ಕದ ಅಂಗಡಿಯಲ್ಲಿ ಚಾಚಾ ಒಂದೆರಡು ರೂಪಾಯಿಗೆ ಕೊಡುವ ಬಬಲ್ ಗಮ್ಮಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸಕ್ಕರೆ. ಅದು ಕರಗಿ ಹಲ್ಲಿನ ಸಂದುಗಳಲ್ಲೆಲ್ಲ ಹರಡುತ್ತದೆ. ಸಿಹಿ ಹೋದ ಕೂಡಲೇ ಮಕ್ಕಳು ಉಗಿದು ಇನ್ನೊಂದನ್ನು ಬಾಯಿಗೆ ಹಾಕುತ್ತಾರೆ. ಮೊದಲನೆಯ ಆಮ್ಲ ಇಳಿಯುವ ಮುನ್ನವೇ ಎರಡನೆಯದರ ಆಮ್ಲ! ಒಂದು ಲಡ್ಡನ್ನು ಊಟದ ಜೊತೆ ತಿಂದು ಬಾಯಿ ಮುಕ್ಕಳಿಸುವುದಕ್ಕಿಂತ ಸಂಜೆಯೆಲ್ಲ ಇಂಥ ಗಮ್ ಅಗಿಯುವುದು ಹಲ್ಲಿಗೆ ಹೆಚ್ಚು ಅಪಾಯ. ಎಷ್ಟು ಸಕ್ಕರೆ ಎಂಬುದರ ಜೊತೆಗೆ ಎಷ್ಟು ಸಲ, ಎಷ್ಟು ಹೊತ್ತು ಎಂಬುದೂ ಮುಖ್ಯ.

ಹಾಗಾದರೆ ಯಾವುದರಲ್ಲಿ ಏನಿದೆ ಎಂದು ತಿಳಿಯುವುದು ಹೇಗೆ? ಓದಬೇಕು. ಭಾಷೆ ಕಲಿಸುವವರು ಬೇರೇನು ಹೇಳುತ್ತಾರೆ! ಪೊಟ್ಟಣದ ಹಿಂದೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಪದಾರ್ಥಗಳ ಪಟ್ಟಿ ಇರುತ್ತದೆ. ಹೆಚ್ಚು ತೂಕದ್ದು ಮೊದಲು, ಕಡಿಮೆ ತೂಕದ್ದು ಕೊನೆಗೆ ಬರೆಯಬೇಕೆಂಬುದು ನಿಯಮ. 'ಶುಗರ್' ಎಂಬುದು ಮೊದಲಲ್ಲೇ ಇದ್ದರೆ ಅದು ಮಿಠಾಯಿ, ಅಷ್ಟೆ. ಅದರ ಬದಲು ಸೋರ್ಬಿಟಾಲ್ ಅಥವಾ 420, ಮಾಲ್ಟಿಟಾಲ್ ಅಥವಾ 965, ಕ್ಸೈಲಿಟಾಲ್ ಅಥವಾ 967 ಎಂದಿದ್ದು, ಸಕ್ಕರೆಯ ಹೆಸರಿಲ್ಲದಿದ್ದರೆ ಅದು ಸಕ್ಕರೆರಹಿತ. ಸಂಖ್ಯೆ 330 ಸಿಟ್ರಿಕ್ ಆಮ್ಲ, 296 ಮ್ಯಾಲಿಕ್ ಆಮ್ಲ. ಹುಳಿಹಣ್ಣಿನ ರುಚಿಯ ಗಮ್ಮುಗಳಲ್ಲಿ ಇವು ಇರುತ್ತವೆ. ಸಕ್ಕರೆ ಇಲ್ಲದಿದ್ದರೂ ಈ ಹುಳಿ ನೇರವಾಗಿ ಎನಾಮೆಲನ್ನು ಸವೆಸಬಲ್ಲದು. ಆದ್ದರಿಂದ ಸಕ್ಕರೆರಹಿತದಲ್ಲೂ ಪುದೀನದ್ದು ವಾಸಿ, ಹುಳಿಯದ್ದು ಬೇಡ. ಕೆಲವು ಗಮ್ಮುಗಳಲ್ಲಿ ಪ್ರಾಣಿಮೂಲದ ಜೆಲಟಿನ್ ಇರುವುದುಂಟು, ಅದನ್ನು ನೋಡಿಕೊಳ್ಳುವವರಿಗೆ ಹಸಿರು ಚುಕ್ಕೆ ಸಹಾಯಕ್ಕೆ ಬರುತ್ತದೆ. ಅಸ್ಪಾರ್ಟೇಮ್, ಅಂದರೆ 951, ಇರುವ ಗಮ್ಮನ್ನು ಫಿನೈಲ್‌ಕೀಟೋನೂರಿಯಾ ಎಂಬ ಹುಟ್ಟುಕಾಯಿಲೆ ಇರುವ ಮಕ್ಕಳಿಗೆ ಕೊಡಲೇಬಾರದು. ಇನ್ನು ಸೋರ್ಬಿಟಾಲಿನಂಥವು ಹೆಚ್ಚು ಹೊಟ್ಟೆ ಸೇರಿದರೆ ಭೇದಿಯಾಗುತ್ತದೆ. ಡಬ್ಬಿ ಖಾಲಿ ಮಾಡಿದವರಿಗೆ ಮರುದಿನ ಅನುಭವವಾಗಿರಬಹುದು.

ಕ್ಸೈಲಿಟಾಲ್ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಬರ್ಚ್ ಮರದಿಂದ ತೆಗೆಯಬಹುದಾದ ಈ ಸಿಹಿಯನ್ನು ನಮ್ಮ ಆ ಬ್ಯಾಕ್ಟೀರಿಯಾ ತಿಂದು ಆಮ್ಲ ಮಾಡಲಾರದು. ಫಿನ್ಲೆಂಡಿನ ಟುರ್ಕು ನಗರದಲ್ಲಿ 1970ರ ದಶಕದಲ್ಲಿ ಅರ್ಜೆ ಶೈನಿನ್ ಮತ್ತು ಕೌಕೋ ಮ್ಯಾಕಿನೆನ್ ಎಂಬ ಸಂಶೋಧಕರು ಸಕ್ಕರೆ ತಿನ್ನುವವರನ್ನೂ ಕ್ಸೈಲಿಟಾಲ್ ತಿನ್ನುವವರನ್ನೂ ಹೋಲಿಸಿ ನೋಡಿದರು. ಕ್ಸೈಲಿಟಾಲ್ ತಿಂದವರಲ್ಲಿ ಹುಳುಕು ಬಹಳ ಕಡಿಮೆ ಕಂಡಿತು. ಅಲ್ಲಿಂದ ಅದಕ್ಕೆ ದೊಡ್ಡ ಹೆಸರು ಬಂತು. ಆದರೆ 2015ರಲ್ಲಿ ಕಾಕ್ರೇನ್ ಎಂಬ ಸಂಸ್ಥೆ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಜಾಲಿಸಿ ನೋಡಿ, ಗಮ್ಮಿನಂಥ ಕ್ಸೈಲಿಟಾಲ್ ಪದಾರ್ಥಗಳು ಹುಳುಕು ತಡೆಯುತ್ತವೆ ಎನ್ನಲು ಸಾಕಷ್ಟು ಗಟ್ಟಿ ಆಧಾರ ಇಲ್ಲ ಎಂದಿತು. ಗಮ್ ಅಗಿದಾಗ ಆಗುವ ಲಾಭದಲ್ಲಿ ದೊಡ್ಡ ಪಾಲು ಜೊಲ್ಲಿನದು ಎಂಬುದು ನನಗೆ ಸರಿ ಕಾಣುತ್ತದೆ. ನಾಯಿ ಸಾಕಿದವರು ಗಮನಿಸಿ, ಕ್ಸೈಲಿಟಾಲ್ ನಾಯಿಗೆ ವಿಷ.

ಇನ್ನು ಬೆಳ್ಳಗೆ ಮಾಡುತ್ತೇನೆ ಎನ್ನುವ ಗಮ್ಮುಗಳು. ಗಮ್ ಅಗಿದವರ ಹಲ್ಲು ವಿದ್ಯುದ್ದೀಪದಂತೆ ಹೊಳೆದು ಅರಮನೆಯೇ ಬೆಳಗುವ ಹ್ಯಾಪಿಡೆಂಟ್ ಜಾಹೀರಾತು ನಿಮಗೆ ನೆನಪಿರಬಹುದು. ಬಹಳ ಚೆನ್ನಾಗಿತ್ತು, ನಾನೂ ನಕ್ಕಿದ್ದೇನೆ. ಅದು ತಮಾಷೆ ಎಂಬುದು ದೊಡ್ಡವರಿಗೆ ಗೊತ್ತು. ನಾನು ಹಿಂದೆ ತುಮಕೂರು ಜಿಲ್ಲೆಯ ಪಾವಗಡದ ಕಡೆ ಕೆಲಸ ಮಾಡುತ್ತಿದ್ದಾಗ ಏಳನೆಯ ತರಗತಿಯ ಒಬ್ಬ ಹುಡುಗಿ ನಗುವಾಗಲೆಲ್ಲ ದುಪಟ್ಟಾದ ಅಂಚನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆಗಳು. ಪುಸ್ತಕದ ಚೀಲದ ತುಂಬ ಗಮ್ಮಿನ ಕಾಗದಗಳು. ಕೇಳಿದರೆ, 'ಟೀಚರ್, ರೋಜ್ ನಾಲ್ಕು ತಿಂದ್ರೆ ಬೆಳ್ಳಗಾಗುತ್ತೆ ಅಂತ' ಎಂದಳು. ಕೈಗೆ ಸಿಕ್ಕ ದುಡ್ಡೆಲ್ಲ ಅದಕ್ಕೇ ಹೋಗುತ್ತಿತ್ತು.

ಆ ಕಂದು ಕಲೆ ಕೊಳೆಯಲ್ಲ. ಅದು ಫ್ಲೋರೋಸಿಸ್. ಪಾವಗಡ ಮಾತ್ರವಲ್ಲ, ಕೋಲಾರ, ಚಿಕ್ಕಬಳ್ಳಾಪುರ, ಗದಗ, ಕೊಪ್ಪಳ, ರಾಯಚೂರು ಮುಂತಾದ ಜಿಲ್ಲೆಗಳ ಅನೇಕ ಊರುಗಳಲ್ಲಿ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ದಾರಿಯೇ ಇಲ್ಲದಿದ್ದರೆ 1.5ರವರೆಗೆ ಎಂಬುದು ನಮ್ಮ ದೇಶದ ಮಾನದಂಡ. ಹಾಲು ಹಲ್ಲು ಬಿದ್ದು ಬರಬೇಕಾದ ಹಲ್ಲುಗಳು ಒಸಡಿನೊಳಗೆ ರೂಪುಗೊಳ್ಳುತ್ತಿರುವ ವಯಸ್ಸಿನಲ್ಲಿ ಹೆಚ್ಚು ಫ್ಲೋರೈಡ್ ಹೊಟ್ಟೆಗೆ ಸೇರಿದರೆ ಎನಾಮೆಲ್ ರಚನೆಯಲ್ಲೇ ದೋಷ ಉಂಟಾಗುತ್ತದೆ. ಹಲ್ಲು ಹೊರಬರುವಾಗಲೇ ಆ ಗುರುತು ಹೊತ್ತು ಬರುತ್ತದೆ. ಅದನ್ನು ಗಮ್ ತೆಗೆಯಲಾರದು, ಇದ್ದಿಲು, ಉಪ್ಪು, ಇಟ್ಟಿಗೆಪುಡಿಯ ಮಂಜನ್ ಯಾವುದೂ ತೆಗೆಯಲಾರದು. ಉಜ್ಜಿದಷ್ಟೂ ಇರುವ ಎನಾಮೆಲೂ ಸವೆಯುತ್ತದೆ. ಕಲೆಯನ್ನು ಮರೆಮಾಡಲು ದಂತವೈದ್ಯರಲ್ಲಿ ದಾರಿಗಳಿವೆ. ತಂಗಿಯರಿಗೆ ತಮ್ಮಂದಿರಿಗೆ ಅದು ಬರದಂತೆ ಮಾಡುವ ದಾರಿ ಶುದ್ಧೀಕರಿಸಿದ ನೀರು. ಆ ಹುಡುಗಿಯ ಅಮ್ಮಿಗೆ ಇದನ್ನು ಹೇಳಿದಾಗ ಅವರು ಮೊದಲು ಕೇಳಿದ್ದು, 'ಹಾಗಾದ್ರೆ ಇವಳು ಹಲ್ಲು ಉಜ್ಜದೇ ಆದದ್ದಲ್ವಾ?' ಎಂದು. ಅಷ್ಟು ವರ್ಷ ಆ ಮಗು ಮನೆಯಲ್ಲಿ ಬೈಸಿಕೊಂಡಿತ್ತು.

ತಾಯಂದಿರಿಗೆ ಇನ್ನೊಂದು ವಿಷಯ. 'ಹಾಲು ಹಲ್ಲು ತಾನೇ, ಬಿದ್ದುಹೋಗುತ್ತೆ, ಹುಳುಕಾದರೇನು' ಎಂಬ ಮಾತನ್ನು ನಾನು ಪಾಲಕರ ಸಭೆಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಮಗುವಿಗೆ ಸುಮಾರು ಆರು ವರ್ಷವಾದಾಗ, ಯಾವ ಹಲ್ಲೂ ಬೀಳದೆ, ಕೊನೆಯ ಹಾಲು ದವಡೆಯ ಹಿಂದೆ ಸದ್ದಿಲ್ಲದೆ ಒಂದೊಂದು ದೊಡ್ಡ ದವಡೆ ಹಲ್ಲು ಬರುತ್ತದೆ. ಮೇಲೆ ಎರಡು, ಕೆಳಗೆ ಎರಡು. ಅದು ಶಾಶ್ವತ ಹಲ್ಲು. ಜೀವನವಿಡೀ ರೊಟ್ಟಿ ಅಗಿಯಬೇಕಾದದ್ದು ಅದೇ. ಹಾಲು ಹಲ್ಲೆಂದೇ ತಿಳಿದು ಜನ ಅದನ್ನು ಕಡೆಗಣಿಸುತ್ತಾರೆ. ಅದರ ಮೇಲ್ಮೈಯಲ್ಲಿ ಆಳವಾದ ಗೀರುಗಳಿರುತ್ತವೆ. ಸಿಹಿ ಗಮ್ಮಿನ ಸಕ್ಕರೆ, ಬಿಸ್ಕತ್ತಿನ ಹಿಟ್ಟು ನಿಲ್ಲುವುದು ಅಲ್ಲೇ, ಮೊದಲು ಹುಳುಕಾಗುವುದೂ ಅಲ್ಲೇ. ಆರೇಳು ವರ್ಷದ ಮಗು ಮನೆಯಲ್ಲಿದ್ದರೆ ಬೆಳಕಿಗೆ ಬಾಯಿ ತೆರೆಸಿ ನೋಡಿ. ಕಪ್ಪು ಚುಕ್ಕೆ ಕಂಡರೆ ನೋವು ಬರುವವರೆಗೆ ಕಾಯಬೇಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಸರ್ಕಾರಿ ಶಾಲೆಗೆ ಬಂದಾಗ ಹಲ್ಲನ್ನೂ ನೋಡುವುದು ಅವರ ಕೆಲಸದಲ್ಲಿ ಸೇರಿದೆ. ಆ ದಿನ ಮಗುವನ್ನು ಮದುವೆಗೆಂದು ಕರೆದೊಯ್ಯಬೇಡಿ.

ಗಮ್ ನುಂಗಿದರೆ ಏಳು ವರ್ಷ ಹೊಟ್ಟೆಯಲ್ಲೇ ಇರುತ್ತದೆ, ಕರುಳು ಅಂಟಿಕೊಳ್ಳುತ್ತದೆ ಎಂಬ ಹೆದರಿಕೆ ಮಕ್ಕಳಲ್ಲಿದೆ. ಹಾಗಾಗುವುದಿಲ್ಲ. ಅದು ಜೀರ್ಣವಾಗದಿದ್ದರೂ ಎರಡು ಮೂರು ದಿನಗಳಲ್ಲಿ ಹೊರಹೋಗುತ್ತದೆ. ದಿನವೂ ಹಲವು ನುಂಗುವ ಅಭ್ಯಾಸವಿದ್ದ ಚಿಕ್ಕ ಮಕ್ಕಳಲ್ಲಿ ಮಾತ್ರ ಉಂಡೆಗಟ್ಟಿ ಮಲಬದ್ಧತೆಯಾದ ಪ್ರಕರಣಗಳು ಅಪರೂಪಕ್ಕೆ ವರದಿಯಾಗಿವೆ. ಐದು ವರ್ಷದೊಳಗಿನ ಮಕ್ಕಳಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುವ ಭಯವಿರುವುದರಿಂದ ಕೊಡದಿರುವುದೇ ಸರಿ. ತಲೆನೋವು ಎನ್ನುವ ದೊಡ್ಡ ತರಗತಿಯ ಮಕ್ಕಳೂ ಕೇಳಿ: ಇಸ್ರೇಲಿನಲ್ಲಿ 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸದಾ ತಲೆನೋವಿದ್ದು ದಿನವೂ ಗಮ್ ಅಗಿಯುತ್ತಿದ್ದ 30 ಮಕ್ಕಳಿಗೆ ಒಂದು ತಿಂಗಳು ಗಮ್ ನಿಲ್ಲಿಸಲು ಹೇಳಲಾಯಿತು. 19 ಮಕ್ಕಳ ತಲೆನೋವು ಪೂರ್ತಿ ಹೋಯಿತು. ಗಂಟೆಗಟ್ಟಲೆ ಅಗಿದರೆ ದವಡೆಯ ಕೀಲೂ ದಣಿಯುತ್ತದೆ. ಬಾಯಿ ತೆರೆದಾಗ ಕಿವಿಯ ಬಳಿ 'ಟಕ್' ಎಂಬ ಸದ್ದು ಬರುವವರು, ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರು ಗಮ್ಮಿನ ಸಹವಾಸ ಬಿಡಬೇಕು.

ಈಗ ಹೇಳುವ ಮಾತು ಸ್ವಲ್ಪ ಕಹಿ. ನಮ್ಮ ಮಕ್ಕಳ ಜೇಬಿನಲ್ಲಿ ಗಮ್ಮಿನ ಜೊತೆ ಸಿಗುವ ಇನ್ನೊಂದು ಪೊಟ್ಟಣ ಸಿಹಿ ಸುಪಾರಿಯದು. ಮದುವೆ ಮನೆಗಳಲ್ಲಿ ತಟ್ಟೆ ತುಂಬ ಇಟ್ಟು ಮಕ್ಕಳ ಕೈಗೆ ನಾವೇ ಕೊಡುತ್ತೇವೆ. ತಂಬಾಕು ಇಲ್ಲವಲ್ಲ ಎಂಬ ಸಮಾಧಾನ ಬೇರೆ. ತಂಬಾಕು ಇಲ್ಲದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಅಡಿಕೆಯಿಂದ ಬಾಯೊಳಗಿನ ಚರ್ಮ ನಾರಿನಂತೆ ಬಿಗಿದು ಬಾಯಿ ತೆರೆಯುವುದೇ ಕಷ್ಟವಾಗುವ ಕಾಯಿಲೆ ಬರುತ್ತದೆ. ನಿಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಮುಂದಿನ ಹಲ್ಲುಗಳ ನಡುವೆ ಇಟ್ಟು ನೋಡಿ. ಹಿಡಿಯದಿದ್ದರೆ, ಖಾರ ತಾಗಿದಾಗ ಬಾಯಿ ಉರಿದರೆ, ವೈದ್ಯರಲ್ಲಿಗೆ ಹೋಗಬೇಕು. ಕರ್ನಾಟಕ ಸರ್ಕಾರ 2013ರ ಮೇ ತಿಂಗಳಲ್ಲಿ ಗುಟ್ಕಾ ನಿಷೇಧಿಸಿತು. ಆದರೆ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಒಂದು ಪೊಟ್ಟಣ ಕೊಂಡು ಅಂಗೈಯಲ್ಲಿ ಬೆರೆಸಿಕೊಳ್ಳುವುದನ್ನು ನಾವು ದಿನವೂ ನೋಡುತ್ತೇವೆ. ಅದರ ವಾಸನೆ ಮುಚ್ಚಲು ಪುದೀನ ಗಮ್ ಹಾಕಿಕೊಂಡು ತರಗತಿಗೆ ಬರುವ ಹುಡುಗರೂ ಇದ್ದಾರೆ. ಸದಾ ಗಮ್ ಅಗಿಯುವ ಮಗನಿಗೆ ಬೈಯುವ ಮುನ್ನ ಅಬ್ಬಾ ಅವರು ಅದು ಏನನ್ನು ಮುಚ್ಚುತ್ತಿದೆ ಎಂದು ಪ್ರೀತಿಯಿಂದ ವಿಚಾರಿಸಲಿ. ತಂಬಾಕು ಬಿಡಲು ಬಯಸುವ ದೊಡ್ಡವರಿಗೆ ನಿಕೋಟಿನ್ ಗಮ್ ಎಂಬುದಿದೆ. ಅದನ್ನು ಸಾಮಾನ್ಯ ಗಮ್ಮಿನಂತೆ ಒಂದೇ ಸಮನೆ ಅಗಿಯಬಾರದು. ಸ್ವಲ್ಪ ಅಗಿದು, ನಾಲಿಗೆ ಚುರುಗುಟ್ಟಿದಾಗ ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟು, ಮತ್ತೆ ಅಗಿಯಬೇಕು. ಅದು ಔಷಧ, ಮಕ್ಕಳ ಕೈಗೆ ಸಿಗಬಾರದು.

ಗಮ್ ಅಗಿದೆನೆಂದು ಬ್ರಷ್ ಬಿಡುವಂತಿಲ್ಲ ಎಂಬುದನ್ನು ಹೇಳಬೇಕಾಗಿಲ್ಲ. ಹಲ್ಲಿನ ಸಂದಿನ ಪಾಚಿಯನ್ನು ಗಮ್ ತೆಗೆಯಲಾರದು. ರಾತ್ರಿ ಮಲಗುವ ಮುನ್ನ ಉಜ್ಜುವುದು ಬೆಳಗಿನದಕ್ಕಿಂತ ಮುಖ್ಯ, ಏಕೆಂದರೆ ನಿದ್ದೆಯಲ್ಲಿ ಜೊಲ್ಲು ಬಹುತೇಕ ನಿಂತಿರುತ್ತದೆ. ಊಟದ ನಂತರ ಅಗಿಯಲು ಸಕ್ಕರೆರಹಿತ ಗಮ್ಮಿಗೆ ದುಡ್ಡಿಲ್ಲದವರು ಚೆನ್ನಾಗಿ ನೀರು ಮುಕ್ಕಳಿಸಿ ಒಂದು ತುಂಡು ಸೌತೆಕಾಯಿಯನ್ನೋ ಹಸಿ ಕ್ಯಾರೆಟ್ಟನ್ನೋ ಅಗಿದರೂ ಜೊಲ್ಲು ಬರುತ್ತದೆ.

ಕೊನೆಯದಾಗಿ ನಮ್ಮ ಶಾಲೆಯ ಬೆಂಚುಗಳ ಕೆಳಭಾಗ. ಕಳೆದ ರಜೆಯಲ್ಲಿ ಬಣ್ಣ ಹೊಡೆಸುವಾಗ ಬಡಗಿಯವರು ಉಳಿಯಿಂದ ಕೆರೆದು ತೆಗೆದ ಗಮ್ ಉಂಡೆಗಳು ಒಂದು ಚಿಕ್ಕ ಡಬ್ಬಿ ತುಂಬಿದವು. ಅಗಿದ ಗಮ್ಮನ್ನು ಅದರ ಕಾಗದದಲ್ಲೇ ಸುತ್ತಿ ಕಸದ ಬುಟ್ಟಿಗೆ ಹಾಕಿ. ಮುಂದಿನ ಬೆಂಚಿನ ಹುಡುಗಿಯ ಜಡೆಗೆ ಅಂಟಿದರೆ ಕತ್ತರಿ ತರಬೇಡಿ, ಕೊಬ್ಬರಿ ಎಣ್ಣೆ ಹಚ್ಚಿ ನಿಧಾನವಾಗಿ ಬೆರಳಲ್ಲಿ ಬಿಡಿಸಿದರೆ ಬರುತ್ತದೆ. ಬಟ್ಟೆಗೆ ಅಂಟಿದ್ದರೆ ಮೇಲೆ ಮಂಜುಗಡ್ಡೆ ಇಟ್ಟು ಗಟ್ಟಿಯಾದ ಮೇಲೆ ಕೀಳಿ. ಆ ಡಬ್ಬಿಯನ್ನು ನಾನು ಸ್ಟಾಫ್ ರೂಮಿನಲ್ಲಿ ಇಟ್ಟಿದ್ದೇನೆ. ನೋಡಬೇಕೆನ್ನುವವರು ಸಭೆ ಮುಗಿದ ಮೇಲೆ ಬರಬಹುದು.